ಕಾಕಾನ ಸ್ನೋಬಾಲ್ ಗಿಡ

ನಮ್ಮ ಕಾಕಾನಿಗೆ ತಲೆ ಕೆಟ್ಟಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ದಯವಿಟ್ಟು ನನ್ನನ್ನು ಪ್ರಮಾಣಕ್ಕೆ ಕರೆಯಬೇಡಿ. ಆ ಎರಡು ತಿಂಗಳು ಕಲಬುರಗಿಯಲ್ಲಿ ಕಾಗೆ ಕೂಡ ನೆರಳು ಬಿಟ್ಟು ಹೊರಡುವುದಿಲ್ಲ. ಅಂಥ ಊರಿನ ಅಂಗಳದಲ್ಲಿ ಹಿಮ ಬೀಳುವ ನಾಡಿನ ಗಿಡ ಬೆಳೆಸಲು ಹೊರಟವರನ್ನು ನೀವು ಏನೆಂದು ಕರೆಯುತ್ತೀರಿ? ನಾವು ಕಾಕಾ ಎಂದು ಕರೆಯುತ್ತೇವೆ. ಬೇರೆ ದಾರಿಯಿಲ್ಲ.

ಕಾಕಾ ನನ್ನ ತಂದೆಯ ತಮ್ಮ. ಸರ್ವೇಯರ್ ಆಗಿ ಜಿಲ್ಲೆಯ ಹೊಲಗಳನ್ನೆಲ್ಲ ಅಳೆದು ನಿವೃತ್ತರಾದವರು. ಅವರು, ಅವರ ಹೆಂಡತಿ ಕಾಕು ಕೆಳಗಿನ ಮನೆಯಲ್ಲಿ. ಸಾಲಿ ಮಾಸ್ತರಿಣಿಯಾದ ನಾನು ಮೇಲಿನ ಮನೆಯಲ್ಲಿ. ನಿವೃತ್ತಿಯ ಮರುವರ್ಷ ಇಬ್ಬರೂ ಟೂರಿನವರ ಜೊತೆ ಹಿಮಾಚಲಕ್ಕೆ ಹೋದರು. ಎಲ್ಲರೂ ಬೆಟ್ಟದ ಹಿಮ ನೋಡುತ್ತಿದ್ದರೆ ಕಾಕಾ ಲಾಡ್ಜಿನ ಅಂಗಳದ ಒಂದು ಪೊದೆಯ ಮುಂದೆ ನಿಂತುಬಿಟ್ಟರಂತೆ. ಸ್ನೋಬಾಲ್ ವೈಬರ್ನಮ್ ಅಂತ ಅದರ ಹೆಸರು. ಎಲೆ ಕಾಣದಷ್ಟು ಬಿಳಿ ಹೂವಿನ ಚೆಂಡುಗಳು, ಒಂದೊಂದೂ ರವೆ ಉಂಡಿಯ ಗಾತ್ರ. ಇಡೀ ಟೂರಿನಲ್ಲಿ ಕಾಕುವಿನ ಫೋಟೋ ಒಂದೂ ಇಲ್ಲ. ಆ ಗಿಡದ್ದು ನಲವತ್ತಿವೆ.

ವಾಪಸು ಬರುವಾಗ ಒಂದು ಸಸಿಯೂ ಬಂತು. ರೈಲಿನಲ್ಲಿ ಕಿಟಕಿಯ ಸೀಟು ಸಸಿಗೆ. ಕಾಕು ಹಾದಿಯುದ್ದಕ್ಕೂ ಹೊರಗೆ ಯಾವ ಊರು ಹೋಯಿತೆಂದು ಎಲೆಗಳ ಸಂದಿಯಿಂದ ಇಣುಕಿ ತಿಳಿದುಕೊಂಡರು. ಕಲಬುರಗಿ ಸ್ಟೇಷನ್ನಿನಲ್ಲಿ ಇಳಿದದ್ದು ಮೇ ತಿಂಗಳ ಮಧ್ಯಾಹ್ನ. ಸಸಿ ಒಂಬತ್ತು ದಿನ ಬದುಕಿತ್ತು. ಮೊದಲು ಎಲೆಯ ಅಂಚು ಸುಟ್ಟಿತು, ಆಮೇಲೆ ಎಲೆ, ಆಮೇಲೆ ಕಾಕಾನ ಮುಖ. ಅವರು ಊಟ ಬಿಟ್ಟು ಕುಂಡದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಯಾರಾದರೂ ಮಾತಾಡಿಸಿದರೆ, ಈ ಊರಿನ ಮಣ್ಣಿಗೆ ದಯೆ ಇಲ್ಲ ಎಂದಷ್ಟೇ ಹೇಳುತ್ತಿದ್ದರು. ಕುಂಡಕ್ಕೆ ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ.

ಹಾಗೆ ಹಾಕುತ್ತ ಹಾಕುತ್ತ ಜುಲೈನಲ್ಲಿ ಅದೇ ಕುಂಡದಲ್ಲಿ ಮೊಳಕೆ ಕಂಡಿತು! ಬೇರು ಜೀವ ಹಿಡಿದಿದೆ ಎಂದು ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ಗಿಡ ಮೊಣಕಾಲುದ್ದ ಬೆಳೆಯಿತು. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಥೇಟ್ ಹಿಮಾಚಲದ್ದೇ. ಅಷ್ಟರಲ್ಲಿ ಕಮಲಾಪುರದಿಂದ ಮೈಬೂಬ್ ಚಾಚಾ ಬಂದರು. ಕಾಕಾನ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿಗೆ ಕೂತವರು, ಈಗ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡುವವರು. ತಂದ ಬಾಳೆಹಣ್ಣನ್ನು ತಾವೇ ಒಂದು ಸುಲಿದು ತಿನ್ನುತ್ತ, ಗಿಡದ ಸುತ್ತ ಎರಡು ಸುತ್ತು ಹಾಕಿ, ಸಮಾಧಾನವಾಗಿ ಹೇಳಿದರು:

"ದೋಸ್ತ, ಇದು ಹತ್ತಿ ಅದ."

ಎಮ್ಮೆಗೆ ಹಾಕಿದ ಹತ್ತಿಕಾಳು ಗೊಬ್ಬರದೊಂದಿಗೆ ಕುಂಡಕ್ಕೆ ಬಂದಿತ್ತು. ಜನ್ಮವಿಡೀ ಹೊಲ ಅಳೆದ ಮನುಷ್ಯನಿಗೆ ಹತ್ತಿ ಗಿಡ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕಾಕುವನ್ನು ಕೇಳಿದೆ. ಇವರು ಹೊಲ ನೋಡ್ಯಾರ, ಬೆಳಿ ನೋಡಿಲ್ಲ ಎಂದರು. ತಮಗೆ ಮಾತ್ರ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ಎರಡು ತಿಂಗಳು ಹೊಟ್ಟಿ ತುಂಬ ಉಂಡಾರ, ನೋಡು" ಎಂದು ಒಳಗೆ ಹೋದರು. ಕಾಕಾ ಮೂರು ವಾರ ಚಾಚಾನ ಜೊತೆ ಮಾತು ಬಿಟ್ಟರು. ಗಿಡ ಕಾಯಿ ಬಿಟ್ಟು ಒಡೆದಾಗ ಕಾಕು ಬತ್ತಿ ಹೊಸೆದು ದೇವರಿಗೆ ದೀಪ ಹಚ್ಚಿದರು.

ಎರಡನೆಯ ಸಸಿ ಮಳೆಗಾಲದ ಕೊನೆಗೆ ಕೊರಿಯರ್‌ನಲ್ಲಿ ಬಂತು. ಅದಕ್ಕೆ ನಮ್ಮ ಬೋರಿನ ನೀರು ಗಡಸು ಎಂದು ಕುಡಿಯುವ ನೀರಿನ ಕ್ಯಾನ್ ತರಿಸಲಾಯಿತು. ನಾವು ಬೋರಿನ ನೀರು ಕಾಸಿ ಕುಡಿದೆವು. ಬೇಸಿಗೆ ಶುರುವಾದದ್ದೇ ಪಡಸಾಲೆಯಲ್ಲಿದ್ದ ಕೂಲರ್ ವರಾಂಡಕ್ಕೆ ಹೋಗಿ ಗಿಡದ ಕಡೆ ಮುಖ ಮಾಡಿ ನಿಂತಿತು. ಆ ದಿನಗಳಲ್ಲೇ ಸೊಲ್ಲಾಪುರದಿಂದ ಕಾಕುವಿನ ಅಣ್ಣ ಬಂದರು. ಊಟವಾದ ಮೇಲೆ ಸೆಕೆ ತಡೆಯದೆ ವರಾಂಡದಲ್ಲಿ ಕುಂಡದ ಪಕ್ಕ ಚಾಪೆ ಹಾಸಿ ಮಲಗಿದರು. ಅರ್ಧ ಗಂಟೆಯಾಗಿರಬೇಕು, ಕಾಕಾ ಅವರನ್ನು ಬಲು ಮರ್ಯಾದೆಯಿಂದ ತಟ್ಟಿ ಎಬ್ಬಿಸಿದರು.

"ಸ್ವಲ್ಪ ಸರೀರಿ. ನಿಮ್ಮ ತಲಿ ಗಾಳಿಗಿ ಅಡ್ಡ ಬರ್ಲಕತ್ತದ."

ಅವರು ಸಾಯಂಕಾಲದ ಗಾಡಿಗೇ ಹೊರಟುಹೋದರು. ಇಷ್ಟು ಮಾಡಿಯೂ ಗಿಡ ಉಳಿಯಲಿಲ್ಲ. ಒಂದು ದಿನ ಕರೆಂಟು ಹೋಗಿ ಕೂಲರ್ ನಿಂತಿತು. ಸಂಜೆಯೊಳಗೆ ಎಲೆಗಳು ಹಪ್ಪಳವಾದವು. ಈ ಸಲ ಕಾಕಾ ಕುಂಡದ ಮುಂದೆ ಕೂರಲಿಲ್ಲ. ಅದನ್ನು ಹಿತ್ತಲಲ್ಲಿ ಬೋರಲು ಹಾಕಿ, ಕೈ ತೊಳೆದುಕೊಂಡು, ಇನ್ನು ಈ ಮನೆಯಲ್ಲಿ ಗಿಡದ ಮಾತು ಎತ್ತಬಾರದು ಎಂದರು. ನಾವು ಎತ್ತಲಿಲ್ಲ. ಆದರೆ ಅವರು ಪೇಪರನ್ನೂ ಎತ್ತಲಿಲ್ಲ, ವಾಕಿಂಗಿಗೂ ಹೋಗಲಿಲ್ಲ. ನಗುತ್ತಿದ್ದ ನಮ್ಮ ನಗುವೂ ಬತ್ತಿತು. ಇಷ್ಟೊಂದು ಸೋಲುವ ಮನುಷ್ಯನನ್ನು ಎಷ್ಟು ದಿನ ಅಂತ ಗೇಲಿ ಮಾಡುವುದು?

ಆ ಜೂನ್‌ನಲ್ಲಿ ಮೈಬೂಬ್ ಚಾಚಾನ ಹೆಂಡತಿ ತೀರಿಕೊಂಡರು. ಚಾಚಾ ತೋಟದ ಕೋಣೆ ಸೇರಿದರು. ಯಾರ ಫೋನೂ ಎತ್ತುತ್ತಿರಲಿಲ್ಲ. ಎರಡು ಸಲ ಹೋಗಿ ಬಂದ ಕಾಕಾ, ಅವನು ಮಾತೇ ಆಡುವುದಿಲ್ಲ ಎಂದರು. ಆಗಸ್ಟಿನಲ್ಲಿ ನೋಡಿದರೆ ಬಾಗಿಲಿಗೆ ಮತ್ತೊಂದು ಕೊರಿಯರ್! ಮೂರನೆಯ ಸಸಿ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಾಕಾ ಕಮಲಾಪುರದ ಬಸ್ಸು ಹತ್ತಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದುಃಖದ ಮನೆಗೆ ಕುಂಡ ಹೊತ್ತುಕೊಂಡು ಹೋಗುತ್ತಾರೆಯೇ? ಬಾಳೆಯ ನೆರಳು ತಂಪಿರುತ್ತದೆ, ಅಲ್ಲಿ ಬದುಕುತ್ತದೆ ಎಂದಷ್ಟೇ ಅವರ ಉತ್ತರ.

ಅಂದಿನಿಂದ ದಿನಾ ಮುಂಜಾನೆ ಚಾಚಾನ ಫೋನು ಬರತೊಡಗಿತು. ಇವತ್ತು ಚಿಗುರು ಬಂತು, ಇವತ್ತು ಎಲೆ ಬಿಚ್ಚಿತು, ಇವತ್ತು ಮತ್ತೆರಡು ಎಲೆ. ಕಾಕಾನ ಮೊಣಕಾಲು ಊದಿ ಡಾಕ್ಟರು ಬಸ್ಸಿನ ಪ್ರಯಾಣ ಬೇಡವೆಂದ ಮೇಲಂತೂ ಅವರಿಗೆ ಆ ಫೋನೇ ಗತಿ. ಡಿಸೆಂಬರ್ ಕಳೆದು ಜನವರಿ ಬಂದರೂ ಚಿಗುರಿನ ಸುದ್ದಿ ನಿಲ್ಲಲಿಲ್ಲ.

ಜನವರಿಯಲ್ಲೇ ನನಗೆ ಕಮಲಾಪುರದಲ್ಲಿ ಎರಡು ದಿನದ ಟ್ರೇನಿಂಗ್ ಬಿತ್ತು. ಗಿಡದ ಒಂದು ಫೋಟೋ ತೆಗೆದುಕೊಂಡು ಹೋದರೆ ಕಾಕಾ ಖುಷಿಯಾಗುತ್ತಾರೆಂದು ತೋಟಕ್ಕೆ ಹೋದೆ. ಚಾಚಾ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಚಹಾ ಕುಡಿ ಎಂದರು, ಬಿಸಿಲು ಇಳಿಯಲಿ ಎಂದರು. ಕೊನೆಗೆ ಬಾಳೆಯ ಸಾಲಿನ ನಡುವೆ ಕರೆದೊಯ್ದರು. ಸುತ್ತಲೂ ಕಲ್ಲು ಜೋಡಿಸಿದ ಪಾತಿಯಲ್ಲಿ ಒಂದು ಒಣ ಕಡ್ಡಿ ನಿಂತಿತ್ತು. ಪಾತಿಯ ಮಣ್ಣು ಮಾತ್ರ ಒದ್ದೆಯಾಗಿತ್ತು.

"ದಸರಾ ಮುಂದ ಒಣಗ್ತು, ಬೇಟಾ," ಎಂದರು ಚಾಚಾ. "ಇವತ್ತು ಹೇಳಬೇಕು ಅಂತಲೇ ದಿನಾ ಫೋನ್ ಹಚ್ತೀನಿ. ಹೆಂಗದ ಅಂತ ಅವ ಕೇಳ್ತಾನ. ನಾಲಿಗಿ ಏಳಂಗಿಲ್ಲ. ಮೊದ್ಲೇ ಎರಡು ಸತ್ತಾವ ಅವಂದು."

ಕಾಕಾನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡು, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಬಸ್ಸಿಗೆ ಹತ್ತಿಸಿದರು.

ಮನೆಗೆ ಬಂದು, ಮೊಬೈಲಿನ ಚಾರ್ಜ್ ಮುಗಿದಿತ್ತು, ಅದಕ್ಕೇ ಫೋಟೋ ತೆಗೆಯಲಾಗಲಿಲ್ಲ ಎಂದೆ. ಗಿಡ ಛಲೋ ಇದೆ, ತುದಿಯಲ್ಲಿ ಎರಡು ಹೊಸ ಎಲೆ ಬಂದಿವೆ ಎಂದೂ ಹೇಳಿದೆ. ಕಾಕಾ ಬಾಳೆಹಣ್ಣು ಸುಲಿಯುತ್ತ ನನ್ನ ಮುಖ ನೋಡಿದರು.

"ನಿಂಗೂ ಕಲಿಸಿದ್ನೇನು ಅವ?"

ನಾನು ಬ್ಯಾಗಿನಲ್ಲಿ ಚಾರ್ಜರ್ ಹುಡುಕತೊಡಗಿದೆ.

"ಆ ಗಿಡ ಚಳಿಗಾಲದಾಗ ಎಲಿ ಎಲ್ಲಾ ಉದುರಿಸಿ ಬರೀ ಕಡ್ಡಿ ಆಗಿ ನಿಂತಿರ್ತದ, ತಂಗಿ. ಡಿಸೆಂಬರ್‌ದಾಗ ಚಿಗುರಂಗಿಲ್ಲ. ಆ ತಿಂಗಳದಾಗ ಮೊದಲ್ನೇ ಸಲ ಅವ ಚಿಗುರ್‍ಯದ ಅಂದಾಗೇ ನಂಗ ತಿಳೀತು, ಗಿಡ ಹೋಗ್ಯದ ಅಂತ."

ಹಾಗಾದರೆ ಯಾಕೆ ದಿನಾ ಕೇಳುತ್ತೀರಿ ಎಂದೆ.

"ಗಿಡ ಇಲ್ಲ ಅಂದ್ರ ಅವ ಯಾವ ನೆವಕ್ಕ ಫೋನ್ ಹಚ್ಯಾನು?"

ಮರುದಿನ ಮುಂಜಾನೆ ಸಾಲಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಫೋನು ಬಂತು. ಗಿಡದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಕಾಕಾ, ಇವತ್ತು ರೊಟ್ಟಿ ಯಾರು ಬಡಿದರು, ಪಲ್ಯ ಏನು, ಗುಳಿಗೆ ತೆಗೆದುಕೊಂಡೆಯಾ ಎಂದು ಒಂದೊಂದಾಗಿ ಕೇಳಿದರು. ಆ ಕಡೆಯಿಂದ ಚಾಚಾ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಕಾಕಾ ಊದಿದ ಮೊಣಕಾಲು ನೀವಿಕೊಳ್ಳುತ್ತ ಬಹಳ ಹೊತ್ತು ಕೇಳಿದರು. ಕೊನೆಗೆ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ನಾನು ಎಂದೂ ಕೇಳಿರದಷ್ಟು ಮೆಲ್ಲಗೆ ಹೇಳಿದರು:

"ಹ್ಞೂಂ, ಹೇಳು. ನಂಗರೆ ಬ್ಯಾರೆ ಏನ್ ಕೆಲಸ ಅದ."