ಕರುವನ್ನು ನೋಡಲು ಬಂದವರು

ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲ ಎಂದು ಕಿವಿಗೆ ಬಿದ್ದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಇದಕ್ಕೆ ಮಾತಾಡಿಸಿಕೊಂಡು ಬರುವುದು ಎನ್ನುತ್ತಾರೆ. ರಾಣೆಬೆನ್ನೂರಿನ ಆಸ್ಪತ್ರೆಗಳಲ್ಲಿ ಯಾವ ಮಹಡಿಗೆ ಯಾವ ಮೆಟ್ಟಿಲು ಹತ್ತಬೇಕೆಂಬುದು ಅಲ್ಲಿಯ ಕಾವಲುಗಾರರಿಗಿಂತ ನನಗೇ ಚೆನ್ನಾಗಿ ಗೊತ್ತು. ಎಳನೀರು, ಬಿಸ್ಕಿಟಿನ ಪುಡಿಕೆ ಹಿಡಿದು ಹೋಗುತ್ತೇನೆ. ರೋಗಿಯ ಹಣೆ ಮುಟ್ಟುತ್ತೇನೆ, ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಇದೇ ಕಾಯಿಲೆಯಿಂದ ತೀರಿಕೊಂಡ ಇನ್ನೊಬ್ಬರ ಕತೆ ಹೇಳಿ ಧೈರ್ಯ ತುಂಬುತ್ತೇನೆ. ರೋಗಿ ಸುಸ್ತಾಗಿ ಕಣ್ಣು ಮುಚ್ಚಿಕೊಂಡರೆ ಆತನಿಗೆ ಸಮಾಧಾನವಾಯಿತೆಂದು ತಿಳಿದು ಎದ್ದು ಬರುತ್ತೇನೆ. ಹಾಗೆಯೇ, ನನ್ನನ್ನು ನೋಡಲು ಬಾರದವರನ್ನು ನಾನು ಮರೆಯುವವನೂ ಅಲ್ಲ. ನಾನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಐರಣಿಯ ನನ್ನ ಷಡ್ಡಕ ಫೋನಿನಲ್ಲೇ ವಿಚಾರಿಸಿ ಕೈತೊಳೆದುಕೊಂಡ. ಮುಂದೆ ಅವನ ಮಗಳ ಮದುವೆಗೆ ಹೋದೆ, ಬಿರಿಯಾನಿಯನ್ನೂ ಉಂಡೆ. ಚೆನ್ನಾಗಿತ್ತು ಎಂದು ಮಾತ್ರ ಹೇಳಲಿಲ್ಲ.

ನನ್ನ ಬಟ್ಟೆ ಅಂಗಡಿ ಇರುವುದು ಬ್ಯಾಡಗಿಯಲ್ಲಿ, ಮನೆ ಕದರಮಂಡಲಗಿಯಲ್ಲಿ. ಮನೆಯ ಹಿಂದೆ ಒಂದು ಆಕಳಿದೆ. ಆಕಳು ನನ್ನ ಹೆಂಡತಿ ಹಸೀನಾಳದ್ದು. ನಾನು ಅದರ ಹಾಲಿನ ಚಹಾ ಕುಡಿಯುವವನು ಅಷ್ಟೇ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆಕಳಿನ ಜೊತೆ ಮಾತ್ರ ಕನ್ನಡವೇ ಆಗಬೇಕು. ಸಂತೆಯಲ್ಲಿ ಕನ್ನಡದವರಿಂದ ಕೊಂಡ ಆಕಳು. ‘ಚಲ್’ ಎಂದರೆ ಕಂಬದ ಹಾಗೆ ನಿಲ್ಲುತ್ತದೆ, ‘ನಡಿಯವ್ವಾ’ ಎಂದರೆ ಹೊರಡುತ್ತದೆ. ದಿನವೂ ಅದನ್ನು ಬಯ್ದು ಬಯ್ದು ಹಸೀನಾಗೆ ಸಿಟ್ಟು ಬಂದಾಗಲೆಲ್ಲ ಕನ್ನಡವೇ ಬಾಯಿಗೆ ಬರುತ್ತದೆ. ಆದ್ದರಿಂದ ಅವಳು ನನ್ನೊಡನೆ ಕನ್ನಡ ಮಾತಾಡಿದರೆ ನಾನು ಅಂಗಡಿಗೆ ಬೇಗ ಹೊರಡುತ್ತೇನೆ. ಸಾಲಾಗಿ ಹೋರಿಗರುಗಳನ್ನೇ ಹಾಕುತ್ತಿದ್ದ ಈ ಆಕಳು ಈ ಸಲ ಹೆಣ್ಣುಗರು ಹಾಕಿತ್ತು. ಹಸೀನಾ ಅದಕ್ಕೆ ರಾಣಿ ಎಂದು ಹೆಸರಿಟ್ಟು, ಅದು ಬೆಳೆದು ಈಯುವ ಕಾಲಕ್ಕೆ ಕೊಟ್ಟಿಗೆ ದೊಡ್ಡದು ಮಾಡಬೇಕೆಂದು ನನಗೆ ಹೇಳಿಯೂ ಆಗಿತ್ತು. ಇನ್ನೂ ಎಳೆಗರು ಇರುವಾಗಲೇ ಅದು ಭೇದಿ ಹತ್ತಿ ಜಾಡಿಸತೊಡಗಿತು.

ಅದನ್ನು ಸಗಣಿ ಎನ್ನುವಂತಿರಲಿಲ್ಲ. ಹಳದಿ ನೀರು ಬಾಲದಿಂದ ಹಿಂಗಾಲಿನ ತನಕ ಇಳಿದು ಒಣಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣುಗಳು ಒಳಗೆ ಹೋಗಿ, ಕರು ಕತ್ತನ್ನು ಹೊಟ್ಟೆಯ ಮೇಲೆ ಮಡಚಿಕೊಂಡು ಮಲಗಿತು. ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದರು. ನನ್ನ ಮಗಳ ವಯಸ್ಸಿನವರು. ಕರುವಿನ ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರು. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತ್ತು.

“ಇದು ವೈರಸ್ಸಿಂದ ಬಂದಿದ್ದು ಕಾಣತೈತ್ರಿ ಕಾಕಾ. ರೋಟಾ ಇರಬೇಕು, ಇಲ್ಲಾ ಕರಗೋಳಿಗೆ ಬರೋ ಕರೋನಾ ಇರಬೇಕು. ಕರಳಿನ ಒಳಗಿನ ಪದರಾನ ಹೆರದು ಹಾಕತೈತಿ. ಕುಡದಿದ್ದು ಮೈಗೆ ಹತ್ತಂಗಿಲ್ಲ, ಹಂಗ ಹೊರಗ ಹೋಗತೈತಿ.”

“ಒಂದು ಸೂಜಿ ಮಾಡಿಬಿಡ್ರಲ್ಲ ಮೇಡಂ,” ಎಂದೆ. ಸೂಜಿ ಚುಚ್ಚದೆ ಹೋಗುವ ಡಾಕ್ಟರರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

“ಈ ವೈರಸ್ಸಿನ್ನ ಕೊಲ್ಲೋ ಸೂಜಿ ಇಲ್ರಿ. ಮೈಯಾನ ನೀರು ಹೋಗಿ ಕರಾ ಸಾಯತಾವು, ಅದನ್ನ ತಡೀಬೇಕು. ಹಾಲು ಬಂದ್ ಮಾಡಬ್ಯಾಡ್ರಿ. ನಡುನಡುವ ಈ ಪುಡಿ ಕಲಸಿದ ನೀರು ಕುಡಸ್ರಿ, ಬೆಚ್ಚಗ ಇಡ್ರಿ. ಮತ್ತ ಯಾರನ್ನೂ ಒಳಗ ಬಿಡಬ್ಯಾಡ್ರಿ. ಕೈಯಾಗ, ಚಪ್ಪಲದಾಗ, ಸೀರಿ ಸೆರಗಿನ್ಯಾಗ ಹೋಗಿ ಇನ್ನೊಬ್ರ ಮನಿ ಕರಕ್ಕ ಹತ್ತತೈತಿ.”

ಮೊದಲಿನದೆಲ್ಲ ನನಗೆ ತಿಳಿಯಿತು. ಕೊನೆಯದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮನುಷ್ಯರ ಕರೋನಾ ಬಂದಾಗ ನಾನು ಪಟ್ಟ ದೊಡ್ಡ ಸಂಕಟ ಜ್ವರದ್ದಲ್ಲ. ಇಡೀ ಊರು ಮಲಗಿರುವಾಗ ಒಬ್ಬರನ್ನೂ ನೋಡಲು ಹೋಗುವಂತಿರಲಿಲ್ಲವಲ್ಲ, ಅದು. ಈಗ ನಮ್ಮ ಮನೆಗೇ ಜನ ಬರುವ ಕಾಲ ಬಂದಿತ್ತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸು ಎಂದರೆ ಯಾವ ಬಾಯಿಂದ ಹೇಳಲಿ?

ಹಸೀನಾಗೆ ಆ ತೊಂದರೆ ಇರಲಿಲ್ಲ. ಬ್ಲೀಚಿಂಗ್ ಪುಡಿ ಕಲಸಿದ ಬಕೀಟು ಮುಂದಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಅಚ್ಚ ಕನ್ನಡದಲ್ಲಿ “ಒಳಗ ಬರಬ್ಯಾಡ್ರಿ” ಎಂದಳು. ಜನ ಗೋಡೆಯಾಚೆ ನಿಂತೇ ಉಪಚಾರ ಹೇಳಿದರು. ಒಬ್ಬರು ಹಾಲು ಪೂರ್ತಿ ನಿಲ್ಲಿಸಿರೆಂದರು, ಇನ್ನೊಬ್ಬರು ಸುಟ್ಟ ರೊಟ್ಟಿ ಅರೆದು ಕುಡಿಸಿರೆಂದರು, ಮತ್ತೊಬ್ಬರು ತಮ್ಮ ಜುಲಾಬು ನಿಲ್ಲಿಸುವ ಗುಳಿಗೆಯಲ್ಲಿ ಅರ್ಧ ಮುರಿದು ಕೊಡಲು ತಂದಿದ್ದರು. ನಾನು ಪ್ರತಿಯೊಬ್ಬರ ಹಿಂದೆ ಬೀದಿಯ ತನಕ ಹೋಗಿ, ಆಕೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರೆಂದು ಕೈಮುಗಿದು ಬಂದೆ. ಕರು ಸಾಯುತ್ತಿದ್ದ ಆ ದಿನ ನನ್ನ ಹೆಚ್ಚಿನ ಹೊತ್ತು ಕಳೆದದ್ದು ಹೀಗೆ.

ಸಂಜೆ ಎದುರುಮನೆಯ ಗಂಗಕ್ಕ ಬಂದಳು. ಅವಳಿಗಿರುವುದು ಒಂದೇ ಆಕಳು. ಡೇರಿಗೆ ಹಾಲು ಹಾಕಿಯೇ ಅವಳ ಮನೆ ನಡೆಯುವುದು. ಅದೂ ನಮ್ಮದರ ಹಿಂದೆಯೇ ಈದಿತ್ತು, ಅದಕ್ಕೂ ಹೆಣ್ಣುಗರು. ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ಈ ಗಂಗಕ್ಕ ದಿನವೂ ಬಂದು ಅವರ ತಲೆ ಬಾಚಿ ಹೋಗುತ್ತಿದ್ದಳು. ಅಂಥವಳು ಹಿತ್ತಲ ಗೇಟಿನ ಚಿಲಕದ ಮೇಲೆ ಕೈಯಿಟ್ಟು ಹೊರಗೇ ನಿಂತಿದ್ದಳು. ಹಸೀನಾ ನೀರು ಕಾಯಿಸಲು ಒಳಗೆ ಹೋಗಿದ್ದಳು.

“ಹೆಂಗೈತ್ರಿ ಖಾದರಣ್ಣಾರ, ಕರಾ?”

“ಹೊರಗ್ಯಾಕ ನಿಂತೀರಿ ಗಂಗಕ್ಕಾರ? ಬರ್ರಿ ಒಳಗ.”

“ಇರ್ಲಿ ಬಿಡ್ರಿ, ಇಲ್ಲಿಂದನ ಕೇಳಿ ಹೋಗತೇನಿ.”

“ನೀವೇನು ಹೊರಗಿನವರೇನ್ರಿ? ನೀವ ಹಿಂಗ ಮಾಡಿದ್ರ ಹೆಂಗ?”

ಅವಳು ಚಿಲಕ ತೆಗೆದು ಒಳಗೆ ಬಂದಳು. ಕರುವಿನ ಪಕ್ಕದಲ್ಲಿ ಕೂತು ಅದರ ಬಾಯಲ್ಲಿ ಬೆರಳಿಟ್ಟು, “ಬಾಯಿ ತಣ್ಣಗಾಗೈತ್ರಿ,” ಎಂದಳು. ಬಾಲದ ಕೆಳಗೆ ಅಂಟಿದ್ದನ್ನು ಸೆರಗಿನಿಂದ ಒರೆಸಿದಳು. ಹೊಟ್ಟೆ ನೀವಿದಳು. ಹಾಲು ಹಿಂಡುವ ಹೊತ್ತಾಯಿತೆಂದು ಎದ್ದು, ನೆಟ್ಟಗೆ ತನ್ನ ಕೊಟ್ಟಿಗೆಗೆ ಹೋದಳು. ಒಬ್ಬರನ್ನಾದರೂ ಮರ್ಯಾದೆಯಿಂದ ಒಳಗೆ ಕರೆದೆನಲ್ಲ ಎಂದು ನನಗೆ ಹಗುರವಾಯಿತು. ಚಹಾ ಕೊಡದೆ ಕಳಿಸಿದೆನಲ್ಲ ಎಂಬುದೊಂದೇ ಕೊರಗು.

ನಮ್ಮ ರಾಣಿ ಉಳಿಯಿತು. ಉಳಿಸಿದವಳು ಹಸೀನಾ. ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಕುಡಿಸಿದಳು, ಗೋಣಿಚೀಲ ಹೊದಿಸಿದಳು, ಹೊದಿಸಿದ್ದು ಹೊಲಸಾದರೆ ಇನ್ನೊಂದು ತಂದಳು. ಕರು ಮತ್ತೆ ಎದ್ದು, ಕಾಲು ನಡುಗಿಸುತ್ತ ಕೆಚ್ಚಲಿಗೆ ಬಾಯಿ ಹಾಕಿದ ಬೆಳಿಗ್ಗೆಯೇ ಎದುರುಮನೆಯಿಂದ ಸುದ್ದಿ ಬಂತು. ಗಂಗಕ್ಕನ ಕರು ಜಾಡಿಸುತ್ತಿತ್ತು. ಅದು ನಮ್ಮದಕ್ಕಿಂತ ಎಳೆಯದು. ಡಾಕ್ಟರಮ್ಮ ಬಂದು ಸಲೈನ್ ಹಚ್ಚಿದರೂ ದಕ್ಕಲಿಲ್ಲ. ಆ ಸಂಜೆ ಗಂಗಕ್ಕನನ್ನು ಒಳಗೆ ಕರೆದಿದ್ದೆನೆಂದು ನಾನು ಹಸೀನಾಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಉರ್ದುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.

ಮಾತಾಡಿಸಿಕೊಂಡು ಬರಲು ಹೋಗಬೇಕಲ್ಲ, ಹೋದೆ. ಇಷ್ಟು ವರ್ಷದ ಅಭ್ಯಾಸವಿದ್ದರೂ ಹೊಸಿಲಲ್ಲೇ ನಿಂತೆ. ಗಂಗಕ್ಕ ಆಕಳಿನ ಪಕ್ಕದಲ್ಲಿ ಖಾಲಿ ಚರಿಗೆ ಹಿಡಿದು ಕೂತಿದ್ದಳು. ಆಕಳು ಬಾಗಿಲ ಕಡೆ ನೋಡಿ ನೋಡಿ ಅಂಬಾ ಎನ್ನುತ್ತಿತ್ತು. ನನಗೆ ಆ ಕೂಗನ್ನು ಕೇಳಲು ಆಗಲಿಲ್ಲ.

“ಗಂಗಕ್ಕಾರ, ಈ ರೋಗ ನಮ್ಮ ಮನಿಯಿಂದನ ಬಂದೈತ್ರಿ. ಡಾಕ್ಟರು ಯಾರನ್ನೂ ಬಿಡಬ್ಯಾಡಂತ ಹೇಳಿದ್ರು. ನಾನ ನಿಮ್ಮನ್ನ ಒಳಗ ಕರದೆ.”

“ಗೊತ್ತೈತ್ರಿ,” ಎಂದಳು. “ನಳದ ಹತ್ರ ಹಸೀನಾ ನನಗ ಮೊದಲ ಹೇಳಿದ್ಲು, ಬರಬ್ಯಾಡ ಅಕ್ಕಾ, ನಿನ್ನ ಕರಕ್ಕ ಹತ್ತತೈತಿ ಅಂತ. ಅದಕ್ಕ ಗೇಟಿನ್ಯಾಗ ನಿಂತಿದ್ದೆ. ನೀವು ಕರದ್ರಿ. ಕರದಮ್ಯಾಲೆ ಹೆಂಗ ಹೊರಗ ನಿಲ್ಲೋದ್ರಿ?”

ಅವಳು ಆಕಳಿನ ಬೆನ್ನು ಸವರುತ್ತ ಮಾತು ಮುಂದುವರಿಸಿದಳು.

“ಕರಾ ಇಲ್ದ ಇದು ಹಾಲು ಇಳಸವಲ್ದು. ಕೆಚ್ಚಲಾ ಕಲ್ಲಾಗೈತಿ, ಮುಟ್ಟಿದ್ರ ಒದಿತೈತಿ. ನಿಮ್ಮ ರಾಣೀನ ಒಂದೀಟು ತಂದು ಬಿಡ್ತೀರೇನ್ರಿ? ಇದಕ್ಕೂ ಹಗುರಾಗತೈತಿ, ಅದೂ ಎರಡು ಗುಟುಕು ಕುಡದು ಗಟ್ಟಿ ಆಕ್ಕೈತಿ.”

ನಾನು ಮನೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿದೆ. ಹಸೀನಾ ನೋಡಿದಳು, ತಡೆಯಲಿಲ್ಲ. ತಡೆಯಲು ಕಾರಣವೂ ಇರಲಿಲ್ಲ. ರೋಗ ಹತ್ತಲು ಗಂಗಕ್ಕನ ಕೊಟ್ಟಿಗೆಯಲ್ಲಿ ಇನ್ನು ಕರುವೇ ಇರಲಿಲ್ಲ.