ಒಂದು ಹೆಣದ ನಾಮಕರಣ

ಎಲ್ಲ ಶುರುವಾದದ್ದು ಪ್ರಸೋಂಗ್ ತಲೆ ಬೋಳಿಸಿಕೊಂಡದ್ದರಿಂದ. ತಾಯಿಗೆ ಪುಣ್ಯ ಬರಲೆಂದು ಮಳೆಗಾಲ ಮುಗಿಯುವವರೆಗೆ ಭಿಕ್ಷುವಾಗಿರುತ್ತೇನೆಂದು ರಜೆ ಹಾಕಿ, ಫೋನನ್ನು ತಂಗಿಯ ಕೈಗೆ ಕೊಟ್ಟು, ಬ್ಯಾಂಕಾಕಿನ ಕಾಲುವೆ ದಂಡೆಯ ಒಂದು ಬೌದ್ಧ ವಿಹಾರ ಸೇರಿಬಿಟ್ಟ. ಹೋಗುವಾಗ ಆಫೀಸಿನ ಸರ್ವರ್‌ಗಳನ್ನೆಲ್ಲ ತನ್ನ ಕೈಕೆಳಗಿನ ಹುಡುಗ ಬುಂಚೂವಿನ ಕೊರಳಿಗೆ ಕಟ್ಟಿ ಹೋದ.

ಅದು ಚುಂಫೋನ್ ತೋಟಗಳ ದುರಿಯನ್ ಹಣ್ಣನ್ನು ಮುಂಗಡ ಬುಕಿಂಗಿನಲ್ಲಿ ಮಾರುವ ಕಂಪನಿ. ಅದರ ಸರ್ವರ್‌ಗಳು ಮೂರು ಬೇರೆ ಬೇರೆ ಕ್ಲೌಡ್ ಕಂಪನಿಗಳಲ್ಲಿ ಬಾಡಿಗೆಗಿದ್ದವು. ಎಲ್ಲಿ ಯಾವುದಿರಬೇಕು, ಅದರ ಹೆಸರೇನು ಎಂಬುದನ್ನೆಲ್ಲ ಪ್ರಸೋಂಗ್ ಒಂದೇ ಫೈಲಿನಲ್ಲಿ ಬರೆದಿಟ್ಟಿದ್ದ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಅಪ್ಪಣೆ ಕೊಟ್ಟರೆ ಸಾಕು, ಮೂರೂ ಕಡೆ ಕಟ್ಟಬೇಕಾದದ್ದನ್ನು ಕಟ್ಟಿ, ಕೆಡವಬೇಕಾದದ್ದನ್ನು ಕೆಡವಿ, ಎಲ್ಲ ಫೈಲಿನಲ್ಲಿದ್ದ ಹಾಗೆಯೇ ಆಗುತ್ತಿತ್ತು.

ಬುಂಚೂವಿನ ನೌಕರಿ ಖಾಯಂ ಆಗುವ ದಿನ ಬಂತು. ಒಡತಿ ರತ್ತನಾ ಮೇಡಂ ಪೇಟೆಗೆ ಹೊರಡುವ ಮುನ್ನ ಅವನನ್ನು ಕರೆದು, "ಸಂಜೆ ಬಂದು ನಿನ್ನ ಆರ್ಡರಿಗೆ ಸೈನ್ ಹಾಕ್ತೀನಿ. ಅಷ್ಟರೊಳಗೆ ಆ ಫೈಲಲ್ಲಿರೋ ಬೇಡದ್ದನ್ನೆಲ್ಲ ಕಿತ್ತುಹಾಕು. ಸುಮ್ನೆ ಬಾಡಿಗೆ ಸುರೀತಿದೀವಿ" ಎಂದರು. ಎರಡು ಸಲ ಪ್ರೊಬೇಷನ್ ಮುಂದೆ ಹೋಗಿ ಊರವರ ಮುಂದೆ ತಲೆತಗ್ಗಿಸಿದ್ದವನಿಗೆ ಅದು ದೇವರ ಮಾತು.

ಫೈಲು ತೆರೆದರೆ ಹೆಸರುಗಳೇ ಹೇಸಿಗೆ. ಒಂದು ಸರ್ವರಿಗೆ 'ಕಸ', ಇನ್ನೊಂದಕ್ಕೆ 'ಕೊಳೆತದ್ದು', ಮೂರನೆಯದಕ್ಕೆ 'ಹೆಣ'.

ಅಕೌಂಟ್ಸಿನ ಲಮೈ ಅಕ್ಕ ಸುಟ್ಟ ಬಾಳೆಹಣ್ಣು ಅಗಿಯುತ್ತಾ ಅವನ ಬೆನ್ನ ಹಿಂದೆ ಬಂದು ನಿಂತಳು. "ಇನ್ನೂ ಏನು ಯೋಚನೆ ಮಾಡ್ತೀಯೋ? ಕಸ ಅಂತ ಅವನೇ ಬರೆದಿಟ್ಟಿದಾನಲ್ಲ. ಗುಡಿಸಿಹಾಕು!"

"ಈ ಹೆಣ ಏನ್ಮಾಡ್ಲಿ ಅಕ್ಕ?"

"ಅಯ್ಯಪ್ಪಾ, ಅದರ ತಂಟೆಗೆ ಹೋಗ್ಬೇಡ. ದೆವ್ವಗಿವ್ವ ಅಂಟ್ಕೊಂಡೀತು."

ಬುಂಚೂವಿಗೂ ಹೆಣ ಮುಟ್ಟುವ ಧೈರ್ಯವಿರಲಿಲ್ಲ. ಉಳಿದೆರಡನ್ನು ಫೈಲಿನಿಂದ ಅಳಿಸಿ ಅಪ್ಪಣೆ ಕೊಟ್ಟ. 'ಎರಡು ನಾಶವಾಗುತ್ತವೆ, ಖಚಿತವೇ?' ಎಂದು ಪರದೆ ಕೇಳಿತು. 'ಹೌದು' ಎಂದು ಬರೆದು ಒತ್ತಿದ.

ಬಾಳೆಹಣ್ಣು ಮುಗಿಯುವುದರೊಳಗೆ ಫೋನುಗಳು ಬಡಿದುಕೊಳ್ಳತೊಡಗಿದವು. ಇಡೀ ಋತುವಿನ ಬುಕಿಂಗ್ 'ಕಸ'ದಲ್ಲಿತ್ತು, ಲಾರಿಗಳ ದಾರಿ 'ಕೊಳೆತದ್ದ'ರಲ್ಲಿತ್ತು. ಹಣ್ಣು ತುಂಬಿದ ಲಾರಿಗಳು ತೋಟದ ಬಾಗಿಲಲ್ಲೇ ನಿಂತವು. ಯಾರ ಹಣ್ಣು ಯಾರ ಮನೆಗೆ ಎಂಬುದು ಒಬ್ಬರಿಗೂ ತಿಳಿಯದು.

"ನಾನು ಆಗ್ಲೇ ಹೇಳ್ಲಿಲ್ವಾ, ತಿಳಿದವರನ್ನ ಒಂದ್ಮಾತು ಕೇಳು ಅಂತ?" ಎಂದು ಲಮೈ ಅಕ್ಕ ತನ್ನ ಕುರ್ಚಿಗೆ ಹೋಗಿ ಕೂತಳು.

ಬುಂಚೂ ಲ್ಯಾಪ್‌ಟಾಪ್ ಅವಚಿಕೊಂಡು ಓಡಿ, ಗಲ್ಲಿಯ ತುದಿಯಲ್ಲಿದ್ದ ಬೈಕ್ ಟ್ಯಾಕ್ಸಿ ಹತ್ತಿದ. ವಿಹಾರದ ಬಾಗಿಲಲ್ಲಿ ಬೈಕಿನವನು, "ಕಾಯ್ಲಾ ಅಣ್ಣ?" ಎಂದ.

"ಕಾಯಿ ಮಾರಾಯ, ಈಗ ಬಂದೆ."

ಪ್ರಸೋಂಗ್ ಕಾವಿ ಹೊದ್ದು ಅಂಗಳ ಗುಡಿಸುತ್ತಿದ್ದ. ಮೊದಲಿನ ಹಾಗಿದ್ದರೆ ಬುಂಚೂ ಅವನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ. ಈಗ ಮೂರು ಸಲ ನೆಲಕ್ಕೆ ಹಣೆ ಹಚ್ಚಬೇಕಾಯಿತು.

"ಪ್ರಸೋಂಗಣ್ಣಾ..."

"ಪ್ರಸೋಂಗ್ ಹೋದ. ನಾನೀಗ ಠಿತಧಮ್ಮ. ಹೆಸರು ಬದಲಾದ್ರೆ ಹಳಬ ಸತ್ತ ಹಾಗೇ ಕಣಪ್ಪಾ. ಹೊಸಬ ಬರೋದು ಖಾಲಿ ಕೈಲಿ."

"ಸತ್ಯ ಗುರುಗಳೇ, ಸತ್ಯ," ಎಂದ ಬುಂಚೂ, ಒಂದಕ್ಷರವೂ ಕಿವಿಗೆ ಹಾಕಿಕೊಳ್ಳದೆ. "ಬುಕಿಂಗೆಲ್ಲಾ ಇದ್ದ ಸರ್ವರಿಗೆ ಕಸ ಅಂತ ಯಾಕೆ ಹೆಸರಿಟ್ರಿ? ಅಳಿಸಿಬಿಟ್ಟೆ!"

ಭಿಕ್ಷು ಪೊರಕೆಯನ್ನು ಮರಕ್ಕೆ ಒರಗಿಸಿದ. "ಕೂಸು ಎತ್ಕೊಂಡಾಗ ನಿಮ್ಮಜ್ಜಿ ಏನಂತಿದ್ರು? 'ಎಷ್ಟು ಕುರೂಪಿನಪ್ಪಾ' ಅಂತ ತಾನೆ? ಮುದ್ದು ಅಂದ್ರೆ ಪಿಶಾಚಿ ಕೇಳಿಸ್ಕೊಂಡು ಎತ್ಕೊಂಡು ಹೋಗುತ್ತೆ. ಅದಕ್ಕೇ ಬೆಲೆಬಾಳೋದಕ್ಕೆಲ್ಲ ಕೆಟ್ಟ ಹೆಸರಿಟ್ಟೆ. ಬೆಲೆ ಹೆಚ್ಚಾದಷ್ಟೂ ಹೆಸರು ಕೆಡುತ್ತೆ."

"ಹಾಗಾದ್ರೆ... ಹೆಣ?"

"ಆ ಎರಡರದ್ದೂ ನಕಲು ಅದರೊಳಗಿದೆ. ಅದೊಂದು ಉಳಿದಿದ್ರೆ ಏನೂ ಕೆಟ್ಟಿಲ್ಲ."

ಬುಂಚೂ ಅಲ್ಲೇ ಕೂತು ಅತ್ತುಬಿಟ್ಟ. ಅವನ ಪುಕ್ಕಲುತನದಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು. ಕಾಲುವೆಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು, ಕೆಲಸವನ್ನೆಲ್ಲ ಹೆಣದ ಹೆಗಲಿಗೆ ದಾಟಿಸಿದ. ಲಾರಿಗಳು ಹೊರಟವು.

ಸಂಜೆ ರತ್ತನಾ ಮೇಡಂ ಆರ್ಡರ್ ಹಿಡಿದು ಅವನ ಮೇಜಿನ ಬಳಿ ಬಂದರು. ಸೈನ್ ಹಾಕಲು ಬಗ್ಗಿದವರ ಕಣ್ಣು ಪರದೆಯ ಮೇಲೆ ಬಿತ್ತು. ಬುಕಿಂಗು, ಲಾರಿಗಳ ದಾರಿ ಎಲ್ಲದರ ಮುಂದೂ 'ಹೆಣ' ಎಂದಿತ್ತು.

"ಏನೋ ಇದು? ನಮ್ಮೆಲ್ಲರ ಅನ್ನ ಇರೋ ಜಾಗಕ್ಕೆ ಹೆಣ ಅಂತ ಹೆಸರಾ? ಥೂ, ಅಪಶಕುನ! ಮೊದಲು ಒಳ್ಳೇ ಹೆಸರಿಡು, ಆಮೇಲೆ ಸೈನು."

"ಬಂಗಾರ ಅಂತಿಡೋ," ಎಂದಳು ಲಮೈ ಅಕ್ಕ ಕುರ್ಚಿಯಿಂದಲೇ.

ಬುಂಚೂ ಫೈಲಿನಲ್ಲಿ ಆ ಒಂದು ಪದ ಬದಲಿಸಿ ಅಪ್ಪಣೆ ಕೊಟ್ಟ. 'ಒಂದು ನಾಶವಾಗುತ್ತದೆ, ಒಂದನ್ನು ಹೊಸದಾಗಿ ಕಟ್ಟಲಾಗುತ್ತದೆ, ಖಚಿತವೇ?' ಎಂದಿತು ಪರದೆ. ಮೇಡಂ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಒಂದು ಹೋಗಿ ಒಂದು ಬಂದರೆ ಸರಿಯೇ ಇದೆಯಲ್ಲ ಎಂದುಕೊಂಡು 'ಹೌದು' ಎಂದ.

ಮೇಡಂ ಸೈನ್ ಹಾಕಿದರು. "ಇನ್ಮೇಲೆ ನೀನು ನಮ್ಮೋನು ಕಣೋ," ಎಂದು ಬೆನ್ನು ತಟ್ಟಿ ತಮ್ಮ ಕೋಣೆಗೆ ಹೋದರು.

ಬುಂಚೂ ಆಸೆಯಿಂದ 'ಬಂಗಾರ'ವನ್ನು ತೆರೆದು ನೋಡಿದ. ತೊಳೆದು ಬೋರಲು ಹಾಕಿದ ಪಾತ್ರೆಯಂತೆ ಖಾಲಿ. ಹೆಸರು ಬದಲಾದರೆ ಹಳಬ ಸತ್ತ ಹಾಗೇ ಎಂಬ ಮಾತು ಈಗ ಅವನ ಕಿವಿಯೊಳಗೆ ಇಳಿಯಿತು. ಅಷ್ಟರಲ್ಲಿ ಮೊದಲ ಫೋನು ಬಡಿದುಕೊಂಡಿತು.

ಅವನು ಆರ್ಡರನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟ. ಮೇಡಂ ಕೋಣೆಯ ಕಡೆ ತಿರುಗಿ ಕೈಮುಗಿದು ಮೆಟ್ಟಿಲಿಳಿದ.

"ಮತ್ತೆ ವಿಹಾರಕ್ಕಾ ಅಣ್ಣ?" ಎಂದ ಬೈಕಿನವನು.

"ಹೂಂ."

"ಅಲ್ಲೇ ಕಾಯ್ತಾ ಇರ್ಲಾ?"

"ಬೇಡಪ್ಪ," ಎಂದ ಬುಂಚೂ, ತಲೆಗೂದಲನ್ನು ಕೊನೆಯ ಸಲವೆಂಬಂತೆ ಸವರಿಕೊಳ್ಳುತ್ತಾ. "ಮಳೆಗಾಲ ಮುಗಿದ ಮೇಲೆ ಬಾ."