ಟವಲಿನ ಕೆಳಗೆ ಕೇಳಿದ ಪ್ರಶ್ನೆ

ಎತ್ತಿನ ಹಲ್ಲು ನೋಡಿದರೆ ಸಾಕು, ಅದರ ಜಾತಕವನ್ನೇ ಹೇಳಬಲ್ಲೆ. ಮೈಸೂರಿನ ದನದ ಸಂತೆಯಲ್ಲಿ ಕೈ ಮೇಲೆ ಟವಲು ಹೊದಿಸಿ, ಅದರಡಿ ಬೆರಳೊತ್ತಿ ಗುಟ್ಟಾಗಿ ಬೆಲೆ ಕುದುರಿಸಿಯೇ ಮನೆ ಕಟ್ಟಿದ ದಲ್ಲಾಳಿ ನಾನು. ಸಲಹೆ ಬೇಕಾದವರು ಬರಬಹುದು. ಬೇಡವಾದವರಿಗೆ ನಾನೇ ಹೋಗಿ ಹೇಳುತ್ತೇನೆ!

ಒಂದು ದಿನ ತಂಗಿ ಬಂದಳು. "ಅಣ್ಣಾ, ನಮ್ಮ ಶಿವಲಿಂಗ ಎರಡು ವರ್ಷ ಬೊಂಬಾಯಿ ಗಿರಣೀಲಿದ್ದು ಬಂದವ್ನೆ. ಮುಂದಿನ ತಿಂಗಳು ಮದುವೆ. ಅಲ್ಲೇನಾದ್ರೂ ಕೆಟ್ಟ ಕಾಯಿಲೆ ಅಂಟಿಸ್ಕೊಂಡಿದ್ರೆ ಬರೋ ಹುಡುಗಿ ಗತಿಯೇನು? ನೀನೇ ಕೇಳು."

"ಅಷ್ಟೇ ತಾನೆ? ನಂಗೆ ಬುಡು!"

ಸೋದರಳಿಯನನ್ನು ಜಗಲಿಯಲ್ಲಿ ಕೂರಿಸಿದೆ. ಬಾಯಿಬಿಟ್ಟು ಕೇಳಲು ನಾಚಿಕೆ. ಕೊನೆಗೆ ವೃತ್ತಿಧರ್ಮವನ್ನೇ ನೆಚ್ಚಿ, ಅವನ ಕೈ ಮೇಲೆ ಟವಲು ಹೊದಿಸಿ, "ಬೊಂಬಾಯಲ್ಲಿ ಎಷ್ಟು ಸಲ?" ಎಂದಷ್ಟೇ ಕೇಳಿದೆ. ಅವನು ನನ್ನ ಐದೂ ಬೆರಳು ಒತ್ತಿದ! ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಗೌರಮ್ಮ, "ಅದೇನ್ರೀ ವ್ಯಾಪಾರ?" ಎಂದಳು. ನಾನು ಅವನನ್ನು ಲಷ್ಕರ್ ಮೊಹಲ್ಲಾದ ಡಾಕ್ಟರ ಬಳಿಗೆ ಎಳೆದೊಯ್ದೆ.

ಅಲ್ಲಿಯೂ ನಾಚಿಕೆ. ಡಾಕ್ಟರ ಕೈಗೂ ಟವಲು ಹೊದಿಸಿದೆ! ಅವರು ಅದನ್ನು ಮಡಿಸಿ ವಾಪಸು ಕೊಟ್ಟರು. "ಬಾಯಲ್ಲಿ ಹೇಳಿ. ಯಾರಿಗೆ?"

"ಅಳಿಯನಿಗೆ ಸ್ವಾಮಿ. ಬೊಂಬಾಯಲ್ಲಿ ಐದು ಸಲ ಹೆಣ್ಣಿನ ಸಹವಾಸವಂತೆ! ಆದರೆ ಮುಖ ನೋಡಿ, ಹಲ್ಲು ನೋಡಿ, ರೋಗವಿಲ್ಲ ಅಂತ ನಾನೇ ಹೇಳಬಲ್ಲೆ."

"ಈ ರೋಗ ಹಲ್ಲಲ್ಲಿ ಕಾಣೋದಿಲ್ಲ ಯಜಮಾನರೇ, ರಕ್ತದಲ್ಲಿ ಅಡಗಿರುತ್ತೆ."

ಶಿವಲಿಂಗ ತಲೆ ಚಚ್ಚಿಕೊಂಡ. "ಮಾವ, ಐದು ಸಲ ಬಂದಿದ್ದು ಚಳಿಜ್ವರ! ಕಾಯಿಲೆ ವಿಚಾರ ಕೇಳ್ತೀರಿ ಅಂತ ಅವ್ವ ಹೇಳಿದ್ಲು, ಅದಲ್ವಾ?" ಆಮೇಲೆ ಡಾಕ್ಟರ ಮುಂದೆ ನೇರವಾಗಿ ಹೇಳಿದ: "ಹೋದ ವರ್ಷ ಒಂದೇ ಒಂದ್ಸಲ ತಪ್ಪು ಹೆಜ್ಜೆ ಇಟ್ಟೆ. ರಬ್ಬರಿನ ಚೀಲ ಹಾಕ್ಕೊಂಡಿದ್ದೆ. ಆದ್ರೂ ನೋಡ್ಬುಡಿ ಸ್ವಾಮಿ, ನನ್ನಿಂದ ಆ ಹುಡುಗಿಗೆ ಅನ್ಯಾಯ ಆಗ್ಬಾರ್ದು."

"ಚೀಲ ಹಾಕಿದ್ದು ಒಳ್ಳೇದೇ ಆಯ್ತು. ಪರೀಕ್ಷೆಗೆ ಬಂದಿದ್ದು ಇನ್ನೂ ಒಳ್ಳೇದು," ಎಂದು ಡಾಕ್ಟರು ಸೂಜಿ ತೆಗೆದರು. ಹುಡುಗ ಬೆವೆತ. "ಮಾವ, ಮೊದಲು ನೀವು!"

ಹಿರಿತನದ ಪ್ರಶ್ನೆ. ಅಂಗಿಯ ತೋಳು ಮಡಿಸಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಅಳಿಯ ನನ್ನದೇ ಟವಲಿನಿಂದ ಗಾಳಿ ಬೀಸುತ್ತಿದ್ದ.

ವಾರದ ಮೇಲೆ ಚೀಟಿ ಬಂತು: ಇಬ್ಬರಿಗೂ ರೋಗವಿಲ್ಲ. ಮದುವೆ ನಿಶ್ಚಿಂತೆ! ಆದರೆ ಚೀಟಿ ಗೌರಮ್ಮನ ಕೈಗೆ ಸಿಕ್ಕಿತು.

"ಇದ್ರಲ್ಲಿ ನಿಮ್ಮ ಹೆಸರ್ಯಾಕ್ರೀ?"

"ಅಳಿಯನಿಗೆ ಧೈರ್ಯ ತುಂಬೋಕೆ ಕಣೇ!"

ಅವಳು ನನ್ನ ಕೈ ಮೇಲೆ ಟವಲು ಹೊದಿಸಿ, ಕೆಳಗೆ ತನ್ನ ಕೈಯಿಟ್ಟು ಕೇಳಿದಳು: "ಎಷ್ಟು ಸಲ?"

ದೇವರಾಣೆ, ನಾನು ಒತ್ತಲಿಲ್ಲ. ಬೆರಳು ನಡುಗಿದವು, ಅಷ್ಟೇ. ಅವಳು ಅದನ್ನೂ ಎಣಿಸಿಬಿಟ್ಟಳು!